ಏಟು ತಿಂದ ಮಣ್ಣೇ ಗುರಾಣಿ: ಚಂದ್ರನ ಮೇಲಿನ ಉಲ್ಕಾಪಾತ ಮತ್ತು ನಾಳಿನ ವಸತಿ

ಹುಣ್ಣಿಮೆಯ ಚಂದ್ರಬಿಂಬದ ಮೇಲೆ ಬರಿಗಣ್ಣಿಗೆ ಕಾಣುವ ಕಪ್ಪು ಗುರುತುಗಳಲ್ಲಿ ಭಾರತದ ಜನ ಮೊಲವೊಂದನ್ನು ಕಂಡು ಚಂದ್ರನಿಗೆ ಶಶಾಂಕನೆಂಬ ಹೆಸರನ್ನಿಟ್ಟರು. ಆ ಮೊಲದ ಮೈಯಾಗಿ ತೋರುವ ಕಪ್ಪು ಬಯಲುಗಳು ಬಹುಪಾಲು ಹಿಂದೆಂದೋ ಬೃಹತ್ ಆಕಾಶಕಾಯಗಳು ಬಂದು ಬಡಿದಾಗ ಉಂಟಾದ ಬೋಗುಣಿಗಳೆಂದೂ, ಅನಂತರ ಒಳಗಿನಿಂದ ಉಕ್ಕಿ ಬಂದ ಲಾವಾ ಅವುಗಳಲ್ಲಿ ತುಂಬಿ ಹೆಪ್ಪುಗಟ್ಟಿದ್ದರಿಂದಲೇ ಅವು ಕಪ್ಪಾಗಿ ಕಾಣುತ್ತವೆಂದೂ ಇಪ್ಪತ್ತನೆಯ ಶತಮಾನದ ವಿಜ್ಞಾನ ಖಚಿತಪಡಿಸಿತು. ಸುಮಾರು 390 ಕೋಟಿ ವರ್ಷಗಳ ಹಿಂದೆ ಬಿದ್ದ ಅಂಥದೊಂದು ಏಟಿನಿಂದ, ಒಂದು ಸಾವಿರ ಕಿಲೋಮೀಟರಿಗೂ ಹೆಚ್ಚು ಅಗಲವಾದ ‘ಮೇರ್ ಇಂಬ್ರಿಯಮ್’ ಬೋಗುಣಿ ರೂಪುಗೊಂಡಿತು. ಅಷ್ಟು ದೊಡ್ಡ ಬಂಡೆಗಳು ಬೀಳುವ ಕಾಲ ಮುಗಿದಿದ್ದರೂ ಚಂದ್ರನ ಮೇಲಿನ ಉಲ್ಕಾಪಾತ ನಿಂತಿಲ್ಲ. ಗಾತ್ರದಲ್ಲಿ ಕಿರಿದಾಗಿ, ಸಂಖ್ಯೆಯಲ್ಲಿ ಅಪಾರವಾಗಿ, ಅದು ಹಗಲಿರುಳೂ ನಡೆಯುತ್ತಲೇ ಇದೆ.

ಈ ಸಂಗತಿ ಇಂದು ಖಗೋಳ ವಿಜ್ಞಾನಿಗಳ ಕುತೂಹಲಕ್ಕೆ ಮಾತ್ರ ಸಂಬಂಧಿಸಿ ಉಳಿದಿಲ್ಲ. ಅಮೆರಿಕದ ನೇತೃತ್ವದ ಆರ್ಟೆಮಿಸ್ ಕಾರ್ಯಕ್ರಮವೂ, ಚೀನಾ ಮತ್ತು ರಷ್ಯಾ ಸೇರಿ ಯೋಜಿಸಿರುವ ಅಂತರರಾಷ್ಟ್ರೀಯ ಚಂದ್ರ ಸಂಶೋಧನಾ ಕೇಂದ್ರವೂ ಚಂದ್ರನ ದಕ್ಷಿಣ ಧ್ರುವದ ಸಮೀಪ ದೀರ್ಘಕಾಲದ ನೆಲೆಯನ್ನು ಗುರಿಯಾಗಿಸಿಕೊಂಡಿದ್ದು, ಭಾರತವೂ 2040ರ ಹೊತ್ತಿಗೆ ತನ್ನ ಗಗನಯಾತ್ರಿಯನ್ನು ಚಂದ್ರನ ಮೇಲಿಳಿಸುವ ಗುರಿಯನ್ನು ಘೋಷಿಸಿದೆ. ಮೂರು ದಿನ ಉಳಿದು ಮರಳುವ ಯಾತ್ರಿಕನಿಗೆ ಲೆಕ್ಕಕ್ಕೆ ಬಾರದ ಅಪಾಯ, ಹತ್ತು ವರ್ಷ ನಿಲ್ಲಬೇಕಾದ ಮನೆಗೆ ದಿನನಿತ್ಯದ ಪ್ರಶ್ನೆಯಾಗುತ್ತದೆ. ಆ ಪ್ರಶ್ನೆಗೆ ಈವರೆಗೆ ದೊರೆತಿರುವ ಉತ್ತರಗಳಲ್ಲಿ ಎಲ್ಲಕ್ಕಿಂತ ನೆಚ್ಚಬಹುದಾದದ್ದು ಚಂದ್ರನ ನೆಲದಲ್ಲಿಯೇ ಬಿದ್ದಿದೆ. ಕೋಟ್ಯಂತರ ವರ್ಷ ಏಟು ತಿಂದು ಪುಡಿಯಾದ ಮಣ್ಣೇ ಮುಂದಿನ ಏಟುಗಳನ್ನು ತಡೆಯುವ ಗುರಾಣಿಯಾಗಬಲ್ಲದು.

ಗಾಳಿಯ ಕೊಡೆಯಿಲ್ಲದ ನೆಲ

ಸೂರ್ಯನ ಸುತ್ತ ಅಲೆಯುವ ಧೂಳಿನ ಕಣದಿಂದ ಹಿಡಿದು ಸಣ್ಣ ಬಂಡೆಯವರೆಗಿನ ಕಾಯಗಳನ್ನು ಉಲ್ಕಾಕಾಯಗಳೆಂದೂ, ಅವು ಭೂಮಿಯ ವಾತಾವರಣವನ್ನು ಹೊಕ್ಕು ಉರಿಯುವಾಗ ಕಾಣುವ ಬೆಳಕಿನ ಗೀರನ್ನು ಉಲ್ಕೆಯೆಂದೂ, ಉರಿದು ಉಳಿದು ನೆಲ ಮುಟ್ಟಿದ ತುಣುಕನ್ನು ಉಲ್ಕಾಶಿಲೆಯೆಂದೂ ಕರೆಯುತ್ತಾರೆ. ಧೂಮಕೇತುಗಳು ಸೂರ್ಯನ ಬಳಿ ಸುಳಿದಾಗ ಉದುರಿಸಿದ ಧೂಳು ಮತ್ತು ಕ್ಷುದ್ರಗ್ರಹಗಳು ಪರಸ್ಪರ ಡಿಕ್ಕಿಯಾಗಿ ಸಿಡಿದ ಚೂರುಗಳು ಇವುಗಳ ಮುಖ್ಯ ಮೂಲ. ಭೂಮಿಗೆ ವಾತಾವರಣವೆಂಬ ದಪ್ಪನೆಯ ಕೊಡೆಯಿರುವುದರಿಂದ ಇವುಗಳಲ್ಲಿ ಬಹುತೇಕ ಎಲ್ಲವೂ ಮೇಲೆಯೇ ಉರಿದುಹೋಗುತ್ತವೆ. ಚಂದ್ರನಿಗೆ ಅಂಥ ಕೊಡೆಯಿಲ್ಲದ ಕಾರಣ, ಮರಳಿನ ಕಾಳಿಗಿಂತ ಚಿಕ್ಕದಾದ ಕಣ ಕೂಡ ತನ್ನ ವೇಗವನ್ನು ಕಿಂಚಿತ್ತೂ ಕಳೆದುಕೊಳ್ಳದೆ ನೇರವಾಗಿ ನೆಲಕ್ಕೆ ಬಡಿಯುತ್ತದೆ.

ಆ ವೇಗವೇ ಇಲ್ಲಿ ಮುಖ್ಯವಾದದ್ದು. ಚಂದ್ರನಿಗೆ ಅಪ್ಪಳಿಸುವ ಉಲ್ಕಾಕಾಯಗಳ ಸರಾಸರಿ ವೇಗ ಸೆಕೆಂಡಿಗೆ ಸುಮಾರು 20 ಕಿಲೋಮೀಟರಿನಷ್ಟಿದ್ದು, ಕೆಲವು ಅದರ ಮೂರು ಪಟ್ಟಿಗಿಂತಲೂ ಹೆಚ್ಚಿನ ವೇಗದಿಂದ ಬರುತ್ತವೆ. ಚಲಿಸುವ ವಸ್ತುವಿನಲ್ಲಿ ಅಡಗಿರುವ ಶಕ್ತಿ, ಅಂದರೆ ಚಲನಶಕ್ತಿ, ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಈ ಲೆಕ್ಕದಂತೆ ಸೆಕೆಂಡಿಗೆ 20 ಕಿಲೋಮೀಟರ್ ವೇಗದ ಒಂದೇ ಒಂದು ಗ್ರಾಂ ಕಲ್ಲಿನಲ್ಲಿ 2 ಲಕ್ಷ ಜೂಲ್ ಶಕ್ತಿಯಿರುತ್ತದೆ. ಒಂದು ಟನ್ ತೂಕದ ಕಾರು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಓಡುವಾಗ ಇರುವುದೂ ಇಷ್ಟೇ ಶಕ್ತಿ. ವ್ಯತ್ಯಾಸವೆಂದರೆ, ಕಾರು ಡಿಕ್ಕಿಯಾದಾಗ ಆ ಶಕ್ತಿ ಅಗಲವಾದ ಜಾಗದಲ್ಲಿ ಹರಡಿಹೋಗುತ್ತದೆ, ಉಲ್ಕಾಕಣ ಅದನ್ನೆಲ್ಲ ಕಡಲೆಕಾಳಿನಷ್ಟು ಜಾಗದಲ್ಲಿ, ಕಣ್ಣೆವೆಯಿಕ್ಕುವುದಕ್ಕಿಂತಲೂ ಎಷ್ಟೋ ಕಡಿಮೆ ಹೊತ್ತಿನಲ್ಲಿ ಸುರಿದುಬಿಡುತ್ತದೆ.

ಇಂಥ ವೇಗದ ಘಾತದಲ್ಲಿ ಕಲ್ಲು ಕಲ್ಲಿನಂತೆ, ಲೋಹ ಲೋಹದಂತೆ ವರ್ತಿಸುವುದಿಲ್ಲ. ಬಡಿದ ಕಣವೂ ಬಡಿಸಿಕೊಂಡ ನೆಲವೂ ಅಗಾಧ ಒತ್ತಡಕ್ಕೆ ಸಿಕ್ಕಿ ದ್ರವದಂತೆ ಹರಿದು, ಸ್ವಲ್ಪ ಭಾಗ ಆವಿಯಾಗಿ, ಉಳಿದದ್ದು ಎಲ್ಲ ದಿಕ್ಕುಗಳಿಗೂ ಚಿಮ್ಮುವುದರಿಂದ, ನಡೆಯುವುದು ಗುದ್ದು ಎನ್ನುವುದಕ್ಕಿಂತ ಸ್ಫೋಟ ಎನ್ನುವುದೇ ಸರಿ. ಓರೆಯಾಗಿ ಬಂದ ಬಂಡೆಯೂ ಸಾಮಾನ್ಯವಾಗಿ ದುಂಡನೆಯ ಕುಳಿಯನ್ನೇ ಮಾಡುವುದಕ್ಕೆ ಇದೇ ಕಾರಣ. ಅಪೊಲೊ ಯಾತ್ರಿಗಳು ತಂದ ಚಂದ್ರಶಿಲೆಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ಇಟ್ಟು ನೋಡಿದಾಗ, ಅವುಗಳ ಆಕಾಶಕ್ಕೆ ತೆರೆದ ಮುಖದ ತುಂಬ, ಒಳಮೈಗೆ ಗಾಜು ಬಳಿದಂಥ ಪುಟ್ಟ ಪುಟ್ಟ ಗುಳಿಗಳು ಕಂಡುಬಂದವು. ಅವು ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳು ಬಡಿದಾಗ ಕಲ್ಲು ಕರಗಿ ಮತ್ತೆ ಗಟ್ಟಿಯಾದ ಗುರುತುಗಳಾಗಿದ್ದವು.

ಎಣಿಕೆಗೆ ಸಿಕ್ಕ ಏಟುಗಳು

ಚಂದ್ರನ ಕುಳಿಗಳಿಗೆ ಹೊರಗಿನಿಂದ ಬಿದ್ದ ಏಟು ಕಾರಣವಿರಬಹುದೆಂಬ ಊಹೆ ಹಳೆಯದು. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರ ತನ್ನ ‘ಮೈಕ್ರೊಗ್ರಾಫಿಯಾ’ ಗ್ರಂಥದಲ್ಲಿ, ಒದ್ದೆ ಜೇಡಿಮಣ್ಣಿನೊಳಕ್ಕೆ ಗುಂಡು ಬೀಳಿಸಿದಾಗ ಚಂದ್ರನ ಕುಳಿಗಳನ್ನು ಹೋಲುವ ಗುಂಡಿಗಳಾಗುವುದನ್ನು ವಿವರಿಸಿದರೂ, ಚಂದ್ರನ ಮೇಲೆ ಬೀಳುವುದಕ್ಕೆ ಅಂಥ ಕಾಯಗಳು ಎಲ್ಲಿಂದ ಬರಬೇಕೆಂಬುದು ತಿಳಿಯದೆ ಆ ವಿಚಾರವನ್ನು ಕೈಬಿಟ್ಟು, ಕುಳಿಗಳು ಒಳಗಿನ ಕುದಿತದಿಂದಾದವೆಂಬ ತೀರ್ಮಾನಕ್ಕೆ ಬಂದ. ಮೊದಲ ಕ್ಷುದ್ರಗ್ರಹ ಪತ್ತೆಯಾದದ್ದು 1801ರಲ್ಲಿ ಎಂಬುದನ್ನು ನೆನೆದರೆ ಅವನ ಹಿಂಜರಿಕೆ ಅರ್ಥವಾಗುತ್ತದೆ. ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ 1893ರಲ್ಲಿ ಘಾತದ ವಾದವನ್ನು ಮತ್ತೆ ಎತ್ತಿ ಹಿಡಿದರೂ, ಅದು ಸರ್ವಸಮ್ಮತವಾಗಲು ಅಪೊಲೊ ಯುಗವೇ ಬರಬೇಕಾಯಿತು.

ಏಟುಗಳನ್ನು ನೇರವಾಗಿ ಎಣಿಸುವ ಕೆಲಸವೂ ಅಪೊಲೊದಿಂದಲೇ ಮೊದಲಾಯಿತು. ಯಾತ್ರಿಗಳು ಚಂದ್ರನ ನೆಲದಲ್ಲಿ ಇಟ್ಟು ಬಂದ ಕಂಪನಮಾಪಕಗಳು 1969ರಿಂದ 1977ರವರೆಗೆ 1,700ಕ್ಕೂ ಹೆಚ್ಚು ಉಲ್ಕಾಘಾತಗಳ ನಡುಕವನ್ನು ದಾಖಲಿಸಿದವು. ಅನಂತರದ ವಿಧಾನ ಬೆಳಕಿನದು: ಉಲ್ಕಾಕಾಯ ಬಡಿದಾಗ ಏಳುವ ಬಿಸಿ ಆವಿ ಮತ್ತು ಕರಗಿದ ಕಲ್ಲು ಕ್ಷಣಕಾಲ ಹೊಳೆಯುವುದರಿಂದ, ಚಂದ್ರನ ಕತ್ತಲೆಯ ಭಾಗದ ಮೇಲೆ ದೂರದರ್ಶಕವಿಟ್ಟು ಕಾದರೆ ಆ ಮಿಂಚನ್ನು ಭೂಮಿಯಿಂದಲೇ ಹಿಡಿಯಬಹುದು. 1999ರ ನವೆಂಬರಿನ ಲಿಯೊನಿಡ್ ಉಲ್ಕಾವರ್ಷದ ಸಮಯದಲ್ಲಿ ಇಂಥ ಮಿಂಚುಗಳು ಒಂದಕ್ಕಿಂತ ಹೆಚ್ಚು ಸ್ಥಳಗಳಿಂದ ಏಕಕಾಲದಲ್ಲಿ ದಾಖಲಾಗಿ ಖಚಿತಗೊಂಡ ಮೇಲೆ, ನಾಸಾದ ಮಾರ್ಷಲ್ ಕೇಂದ್ರ ಅಲಬಾಮಾ ರಾಜ್ಯದಲ್ಲಿ ನಿರಂತರ ವೀಕ್ಷಣೆಯನ್ನು ಆರಂಭಿಸಿತು. 2017ರಿಂದ ಗ್ರೀಸ್‌ನ ಕ್ರಿಯೊನೇರಿ ವೀಕ್ಷಣಾಲಯದ 1.2 ಮೀಟರ್ ದೂರದರ್ಶಕ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ನೆರವಿನಿಂದ ಅದೇ ಕೆಲಸದಲ್ಲಿ ತೊಡಗಿದೆ. 2019ರ ಜನವರಿ 21ರ ಪೂರ್ಣ ಚಂದ್ರಗ್ರಹಣದ ನಡುವೆ ಕಂಡ ಮಿಂಚಂತೂ ಹಲವಾರು ಹವ್ಯಾಸಿ ವೀಕ್ಷಕರ ಕ್ಯಾಮೆರಾಗಳಲ್ಲಿಯೂ ಸೆರೆಯಾಯಿತು.

ಈ ವೀಕ್ಷಣೆಗಳಲ್ಲಿ 2013ರ ಮಾರ್ಚ್ 17ರ ಘಟನೆಗೆ ವಿಶೇಷ ಸ್ಥಾನವಿದೆ. ಸುಮಾರು 40 ಕಿಲೋಗ್ರಾಂ ತೂಕದ್ದೆಂದು ಅಂದಾಜಿಸಲಾದ ಒಂದು ಬಂಡೆ ಮೇರ್ ಇಂಬ್ರಿಯಮ್ ಬಯಲಿಗೆ ಬಡಿದಾಗ ಎದ್ದ ಬೆಳಕು, ಆ ಹೊತ್ತಿನಲ್ಲಿ ಅತ್ತ ನೋಡುತ್ತಿದ್ದವರಿಗೆ ಬರಿಗಣ್ಣಿಗೂ ಕಾಣುವಷ್ಟು ಪ್ರಖರವಾಗಿತ್ತು. ಚಂದ್ರನನ್ನು ಸುತ್ತುತ್ತಿರುವ ನಾಸಾದ ಎಲ್‌ಆರ್‌ಒ ನೌಕೆ ಆ ಜಾಗದ ಹಿಂದಿನ ಮತ್ತು ಮುಂದಿನ ಚಿತ್ರಗಳನ್ನು ಹೋಲಿಸಿ, ಸುಮಾರು 18 ಮೀಟರ್ ಅಗಲದ ಹೊಸ ಕುಳಿಯನ್ನು ಪತ್ತೆಹಚ್ಚಿತು. ಕುಳಿಗಿಂತಲೂ ಹೆಚ್ಚು ಗಮನ ಸೆಳೆದದ್ದು ಅದರ ಸುತ್ತ ಹೊಸದಾಗಿ ಮೂಡಿದ್ದ 248 ಕಲೆಗಳು. ಕುಳಿಯಿಂದ ಚಿಮ್ಮಿದ ಕಲ್ಲುಮಣ್ಣು ನೆಲವನ್ನು ಕೆದಕಿದ ಈ ಗುರುತುಗಳು 30 ಕಿಲೋಮೀಟರ್ ದೂರದವರೆಗೆ ಹರಡಿದ್ದವು.

ಇದೇ ಹೋಲಿಕೆಯ ವಿಧಾನವನ್ನು ವ್ಯಾಪಕವಾಗಿ ಬಳಸಿದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಎಮರ್ಸನ್ ಸ್ಪೆಯರರ್ ಮತ್ತು ಸಂಗಡಿಗರು 2016ರಲ್ಲಿ 222 ಹೊಸ ಕುಳಿಗಳನ್ನು ವರದಿ ಮಾಡಿದರು. ಅದು ಹಿಂದಿನ ಅಂದಾಜಿಗಿಂತ ಶೇಕಡ 33ರಷ್ಟು ಹೆಚ್ಚು. ಚಿಮ್ಮಿದ ಮಣ್ಣಿನ ಹೊಡೆತದಿಂದ ಚಂದ್ರನ ಮೇಲ್ಮೈಯ ಎರಡು ಸೆಂಟಿಮೀಟರ್ ಮಣ್ಣು ಸುಮಾರು 81,000 ವರ್ಷಗಳಿಗೊಮ್ಮೆ ಪೂರ್ತಿ ಮಗುಚಿಕೊಳ್ಳುತ್ತದೆಂದು ಅವರು ಲೆಕ್ಕಹಾಕಿದರು. ಇದಕ್ಕೆ ಹತ್ತಾರು ಲಕ್ಷ ವರ್ಷಗಳೇ ಬೇಕೆಂದು ಹಿಂದೆ ನಂಬಲಾಗಿತ್ತು.

ಈ ಎಣಿಕೆಯಲ್ಲಿ ಬೆಂಗಳೂರಿನ ಪಾಲೂ ಇದೆ. ಇಸ್ರೊದ ಬೆಂಗಳೂರಿನ ವಿದ್ಯುತ್-ದ್ಯುತಿ ವ್ಯವಸ್ಥೆಗಳ ಪ್ರಯೋಗಾಲಯ ರೂಪಿಸಿದ ‘ಇಲ್ಸಾ’ ಎಂಬ ಕಂಪನಮಾಪಕ, 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ನೌಕೆಯೊಂದಿಗೆ ದಕ್ಷಿಣ ಧ್ರುವದ ಕಡೆಯ ನೆಲಕ್ಕಿಳಿದು, ಸುಮಾರು 190 ಗಂಟೆಗಳ ಕಾಲ ನೆಲದ ನಡುಕವನ್ನು ಆಲಿಸಿತು. ಅದು ದಾಖಲಿಸಿದ 250ಕ್ಕೂ ಹೆಚ್ಚು ಕಂಪನಗಳಲ್ಲಿ ಬಹುಪಾಲು ಪ್ರಜ್ಞಾನ್ ರೋವರಿನ ಓಡಾಟ ಮತ್ತು ಇತರ ಉಪಕರಣಗಳ ಕೆಲಸದಿಂದ ಆದವು. ಹಾಗೆ ವಿವರಿಸಲಾಗದ ಸುಮಾರು 50 ಕಂಪನಗಳಿಗೆ ಉಷ್ಣತೆಯ ಏರಿಳಿತದ ಜೊತೆಗೆ ಸಮೀಪದಲ್ಲಿ ಬಿದ್ದ ಸೂಕ್ಷ್ಮ ಉಲ್ಕೆಗಳೂ ಕಾರಣವಿರಬಹುದೆಂಬ ಅಭಿಪ್ರಾಯವಿದೆ. ಮುಂದೆ ಮನುಷ್ಯ ನೆಲೆಸಲಿರುವ ಕಡೆಯೇ ನೆಲಕ್ಕೆ ಕಿವಿಗೊಟ್ಟ ಈ ಪುಟ್ಟ ಉಪಕರಣದ ಕೆಲಸ ಹತ್ತು-ಹನ್ನೆರಡು ದಿನಗಳಿಗೆ ಸೀಮಿತವಾಗಿದ್ದರೂ ಅದು ತೋರಿಸಿದ ದಾರಿ ದೊಡ್ಡದು.

ಅಪಾಯ ಎಲ್ಲಿದೆ?

ಜನಸಾಮಾನ್ಯರ ಕಲ್ಪನೆಯಲ್ಲಿ ಉಲ್ಕೆಯ ಭಯವೆಂದರೆ ಮನೆಯ ಮೇಲೆಯೇ ಬಂದು ಬೀಳುವ ಬಂಡೆಯ ಭಯ. ಅಂಕಿಗಳು ಹೇಳುವುದು ಬೇರೆ. ಸ್ಪೆಯರರ್ ತಂಡದ ಲೆಕ್ಕದಂತೆ ಹತ್ತು ಮೀಟರ್ ಅಥವಾ ಅದಕ್ಕಿಂತ ದೊಡ್ಡ ಕುಳಿಗಳು ಇಡೀ ಚಂದ್ರನ ಮೇಲೆ ವರ್ಷಕ್ಕೆ ಸುಮಾರು 180 ಉಂಟಾಗುತ್ತವೆ. ಚಂದ್ರನ ಒಟ್ಟು ಮೇಲ್ಮೈ ಸುಮಾರು 3.8 ಕೋಟಿ ಚದರ ಕಿಲೋಮೀಟರ್ ಆಗಿರುವುದರಿಂದ, ಒಂದು ಚದರ ಕಿಲೋಮೀಟರ್ ಹರಹಿನ ನೆಲೆಯೊಳಗೆ ಅಂಥ ಕುಳಿ ಬೀಳುವುದು ಸರಾಸರಿ ಎರಡು ಲಕ್ಷ ವರ್ಷಗಳಿಗೊಮ್ಮೆ. ನೂರು ವರ್ಷ ನಿಲ್ಲುವ ಊರಿಗೂ ಇದು ಸಹಿಸಬಹುದಾದ ಅಪಾಯವೇ.

ಚಿಂತಿಸಬೇಕಾದದ್ದು ಕಣ್ಣಿಗೆ ಕಾಣದ ಕಣಗಳ ಬಗ್ಗೆ. ಗಾತ್ರ ಇಳಿದಂತೆ ಉಲ್ಕಾಕಾಯಗಳ ಸಂಖ್ಯೆ ಅತಿ ವೇಗವಾಗಿ ಏರುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಷ್ಟು ದೊಡ್ಡ ನೆಲೆಯೊಂದು ಚಂದ್ರನ ಮೇಲೆ ತೆರೆದು ನಿಂತಿದ್ದರೆ, ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗದಿಂದ ಹತ್ತು ಗ್ರಾಂವರೆಗಿನ ಕಣಗಳ 15,000ದಿಂದ 23,000 ಏಟುಗಳು ಅದಕ್ಕೆ ಪ್ರತಿವರ್ಷ ಬೀಳುತ್ತವೆಂದು ನಾಸಾದ ಉಲ್ಕಾಪರಿಸರ ಮಾದರಿಯನ್ನು ಆಧರಿಸಿದ ಇತ್ತೀಚಿನ ಲೆಕ್ಕಾಚಾರವೊಂದು ತಿಳಿಸುತ್ತದೆ. ಧ್ರುವಗಳ ಬಳಿ ಈ ಪ್ರಮಾಣ ಕಡಿಮೆಯಿದ್ದು, ಭೂಮಿಗೆ ನೇರವಾಗಿ ಮುಖಮಾಡಿದ ಭಾಗದಲ್ಲಿ ಹೆಚ್ಚಿರುತ್ತದೆ ಎಂಬುದು ದಕ್ಷಿಣ ಧ್ರುವದ ಕಡೆ ಹೊರಟವರಿಗೆ ಸಮಾಧಾನದ ಸಂಗತಿ. ಈ ಏಟುಗಳಲ್ಲಿ ಬಹುತೇಕ ಎಲ್ಲವೂ ಮೇಲ್ಮೈಯನ್ನು ಕೆರೆದು ಸುಮ್ಮನಾಗುವಂಥವು. ಆದರೆ ಸೌರಫಲಕ, ಕಿಟಕಿಯ ಗಾಜು, ದೂರದರ್ಶಕದ ಕನ್ನಡಿ, ಶಾಖ ಹೊರಹಾಕುವ ಕೊಳವೆಗಳು ಇವುಗಳಿಗೆ ಕೆರೆತವೂ ಹಾನಿಯೇ. 2022ರ ಡಿಸೆಂಬರಿನಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದ್ದ ಸೊಯುಜ್ ಎಂಎಸ್-22 ನೌಕೆಯ ತಂಪುಕಾರಕ ದ್ರವ ಒಂದು ಮಿಲಿಮೀಟರಿಗಿಂತ ಕಿರಿದಾದ ತೂತಿನಿಂದ ಸೋರಿಹೋಗಿ, ಅದರಲ್ಲಿ ಮರಳಬೇಕಾಗಿದ್ದ ಮೂವರು ಯಾತ್ರಿಗಳು ಬದಲಿ ನೌಕೆಗಾಗಿ ಕಾದು ತಿಂಗಳುಗಟ್ಟಲೆ ತಡವಾಗಿ ಭೂಮಿಗೆ ಬರಬೇಕಾಯಿತು. ಆ ತೂತಿಗೆ ಸೂಕ್ಷ್ಮ ಉಲ್ಕೆಯೇ ಕಾರಣವೆಂದು ರಷ್ಯಾದ ಬಾಹ್ಯಾಕಾಶ ಸಂಸ್ಥೆ ತೀರ್ಮಾನಿಸಿತು.

ಚಂದ್ರನ ನೆಲಕ್ಕೆ ವಿಶಿಷ್ಟವಾದ ಇನ್ನೊಂದು ಅಪಾಯವಿದೆ. ಬಾಹ್ಯಾಕಾಶದಲ್ಲಿ ತೇಲುವ ನಿಲ್ದಾಣಕ್ಕೆ ಏಟು ಬೀಳುವುದು ಆಕಾಶದಿಂದ ಮಾತ್ರ. ಚಂದ್ರನ ಮೇಲಿನ ಮನೆಗೆ ನೆಲದಿಂದಲೂ ಬೀಳುತ್ತದೆ. ಎಲ್ಲೋ ಬಿದ್ದ ಉಲ್ಕೆ ಚಿಮ್ಮಿಸಿದ ಕಲ್ಲುಮಣ್ಣಿಗೆ ಗಾಳಿಯ ತಡೆಯಿಲ್ಲದೆ, ಗುರುತ್ವವೂ ಭೂಮಿಯ ಆರನೆಯ ಒಂದು ಭಾಗದಷ್ಟೇ ಇರುವುದರಿಂದ, ಅದು ಬಹುದೂರ ಹಾರಿ ಬಂದು ಬಡಿಯುತ್ತದೆ. ಈ ದ್ವಿತೀಯ ಕಣಗಳ ವೇಗ ಬಹುಮಟ್ಟಿಗೆ ಸೆಕೆಂಡಿಗೆ ಒಂದು ಕಿಲೋಮೀಟರಿಗಿಂತ ಕಡಿಮೆ, ಅಂದರೆ ಬಂದೂಕಿನ ಗುಂಡಿನ ಆಸುಪಾಸಿನದು. ಮೂಲ ಉಲ್ಕೆಗೆ ಹೋಲಿಸಿದರೆ ಇವು ನಿಧಾನವಾದರೂ, ಅಡ್ಡಡ್ಡವಾಗಿ ಗೋಡೆಯ ಮಟ್ಟದಲ್ಲಿ ಬರಬಲ್ಲವಾದ್ದರಿಂದ ಛಾವಣಿಯನ್ನಷ್ಟೇ ಭದ್ರಪಡಿಸಿ ಸುಮ್ಮನಿರುವಂತಿಲ್ಲ.

ಎರಡು ಪದರಗಳ ಉಪಾಯ

ಉಲ್ಕಾಕಣವನ್ನು ತಡೆಯಲು ಗೋಡೆಯನ್ನು ದಪ್ಪವಾಗಿಸುತ್ತ ಹೋಗುವುದು ಸಹಜವಾಗಿ ಹೊಳೆಯುವ ದಾರಿಯಾದರೂ, ತೂಕದ ಪ್ರತಿಯೊಂದು ಗ್ರಾಂಗೂ ಬೆಲೆ ತೆರಬೇಕಾದ ಬಾಹ್ಯಾಕಾಶದಲ್ಲಿ ಅದು ನಡೆಯುವ ಮಾತಲ್ಲ. ಅಮೆರಿಕದ ಖಗೋಳ ವಿಜ್ಞಾನಿ ಫ್ರೆಡ್ ವಿಪಲ್, ಇನ್ನೂ ಒಂದೇ ಒಂದು ಕೃತಕ ಉಪಗ್ರಹ ಹಾರಿರದ 1940ರ ದಶಕದಲ್ಲಿಯೇ, ಬೇರೊಂದು ದಾರಿಯನ್ನು ಸೂಚಿಸಿದರು. ಗೋಡೆಯ ಮುಂದೆ ಸ್ವಲ್ಪ ಅಂತರ ಬಿಟ್ಟು ತೆಳುವಾದ ಲೋಹದ ತಗಡೊಂದನ್ನು ನಿಲ್ಲಿಸಿದರೆ, ಅತಿವೇಗದ ಕಣ ಆ ತಗಡನ್ನು ತೂರುವಾಗಲೇ ತನ್ನ ವೇಗಕ್ಕೆ ತಾನೇ ಬಲಿಯಾಗಿ ಪುಡಿಯಾಗಿ, ಕರಗಿ, ಆವಿಯಾಗಿ, ನಡುವಣ ಖಾಲಿ ಜಾಗದಲ್ಲಿ ಮೋಡದಂತೆ ಹರಡಿಕೊಂಡು, ಹಿಂದಿನ ಗೋಡೆಯನ್ನು ತಲುಪುವ ಹೊತ್ತಿಗೆ ಒಂದೇ ಬಿಂದುವಿನ ಬದಲು ಅಗಲವಾದ ಜಾಗದ ಮೇಲೆ ಬಲಹೀನವಾಗಿ ತಟ್ಟುತ್ತದೆ. ಇಂದು ಬಾಹ್ಯಾಕಾಶ ನಿಲ್ದಾಣವನ್ನು ಕಾಯುತ್ತಿರುವುದು ಈ ‘ವಿಪಲ್ ಕವಚ’ದ ಬಗೆಬಗೆಯ ರೂಪಗಳೇ, ಮುಖ್ಯ ಭಾಗಗಳಲ್ಲಿ ಎರಡು ಪದರಗಳ ನಡುವೆ ಸೆರಾಮಿಕ್ ನೂಲಿನ ಬಟ್ಟೆಯನ್ನೂ ಕೆವ್ಲಾರ್ ಬಟ್ಟೆಯನ್ನೂ ಹಾಸಿ ರಕ್ಷಣೆಯನ್ನು ಇನ್ನಷ್ಟು ಬಲಪಡಿಸಲಾಗಿದೆ.

ಚಂದ್ರನ ಮೇಲೆ ಮಾತ್ರ ಈ ಜಾಣ ಉಪಾಯಕ್ಕೆ ಒಂದು ಕೊರತೆಯುಂಟು. ಕಣ ಪುಡಿಯಾಗಬೇಕಾದರೆ ಅದರ ವೇಗ ಸೆಕೆಂಡಿಗೆ ಸುಮಾರು ಮೂರು ಕಿಲೋಮೀಟರನ್ನಾದರೂ ಮೀರಿರಬೇಕು. ಅದಕ್ಕಿಂತ ನಿಧಾನವಾಗಿ ಬರುವ ದ್ವಿತೀಯ ಕಣ ತೆಳು ತಗಡನ್ನು ಗುಂಡಿನಂತೆ ಇಡಿಯಾಗಿ ಕೊರೆದುಕೊಂಡು ಒಳಗೋಡೆಗೆ ಬಡಿಯುತ್ತದೆ. ಹೀಗೆ ಆಕಾಶದ ವೇಗದ ಶತ್ರುವಿಗೆ ಎತ್ತಿದ ಗುರಾಣಿ ನೆಲದ ನಿಧಾನದ ಶತ್ರುವಿನ ಎದುರು ಸಡಿಲವಾಗುವುದರಿಂದ, ಎರಡಕ್ಕೂ ಒದಗುವ ರಕ್ಷಣೆಯನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಮಣ್ಣಿನ ಹೊದಿಕೆ

ಚಂದ್ರನ ಗಟ್ಟಿ ಶಿಲೆಯ ಮೇಲೆ ಹಾಸಿಕೊಂಡಿರುವ ಸಡಿಲ ಪುಡಿಮಣ್ಣಿನ ಪದರಕ್ಕೆ ರೆಗೊಲಿತ್ ಎಂಬ ಹೆಸರಿದೆ. ಭೂಮಿಯ ಮಣ್ಣು ಗಾಳಿ, ನೀರು ಮತ್ತು ಜೀವಿಗಳ ಕೆಲಸದಿಂದ ಆದದ್ದು. ಇವು ಯಾವುವೂ ಇಲ್ಲದ ಚಂದ್ರನಲ್ಲಿ ಮಣ್ಣನ್ನು ಮಾಡಿದ ಮುಖ್ಯ ಶಕ್ತಿ ಉಲ್ಕೆಯೇ. ಕಲ್ಲನ್ನು ಒಡೆದು, ಒಡೆದದ್ದನ್ನು ಮತ್ತೆ ಪುಡಿಮಾಡಿ, ಕೆಲವೆಡೆ ಕರಗಿಸಿ ಗಾಜಿನ ಬೆಸುಗೆಯಿಂದ ಕಣಕ್ಕೆ ಕಣವನ್ನು ಅಂಟಿಸಿ, ಕಪ್ಪು ಬಯಲುಗಳಲ್ಲಿ ನಾಲ್ಕೈದು ಮೀಟರ್, ಪ್ರಾಚೀನ ಎತ್ತರದ ಪ್ರದೇಶಗಳಲ್ಲಿ ಹತ್ತು-ಹದಿನೈದು ಮೀಟರ್ ದಪ್ಪದ ಹೊದಿಕೆಯನ್ನು ಅದು ನೇಯ್ದಿದೆ. ಎರಡು-ಮೂರು ಮೀಟರ್ ದಪ್ಪದ ಈ ಮಣ್ಣನ್ನು ವಸತಿಯ ಮೇಲೆ ಹೊದಿಸಿದರೆ ಅತಿವೇಗದ ಕಣವೂ ನಿಧಾನದ ಕಣವೂ ಅದರೊಳಗೇ ಹೂತುಹೋಗುತ್ತವೆ. ಏಟು ಬಿದ್ದಲ್ಲಿ ಒಂದು ಪುಟ್ಟ ಗುಂಡಿಯಾಗುತ್ತದೆ, ಅಷ್ಟೇ. ತಗಡಿನಂತೆ ಹರಿಯುವುದಾಗಲಿ ಗಾಜಿನಂತೆ ಬಿರುಕು ಬಿಡುವುದಾಗಲಿ ಮಣ್ಣಿಗಿಲ್ಲ, ತುಂಬಲು ಸಲಿಕೆಯಷ್ಟು ಮಣ್ಣು ಸಾಕು.

ಇದೇ ಹೊದಿಕೆ ಇನ್ನೆರಡು ಕೆಲಸಗಳನ್ನೂ ಮಾಡುತ್ತದೆ. ಚೀನಾದ ಚಾಂಗ್‌ಎ-4 ನೌಕೆ ಚಂದ್ರನ ಆಚೆಬದಿಯಲ್ಲಿ ಅಳೆದ ವಿಕಿರಣ, ಬಾಹ್ಯಾಕಾಶ ನಿಲ್ದಾಣದೊಳಗಿನ ಪ್ರಮಾಣದ ಸುಮಾರು ಎರಡೂವರೆ ಪಟ್ಟಿನಷ್ಟಿತ್ತು. ದಪ್ಪನೆಯ ಮಣ್ಣು ಅದನ್ನು ಬಹುವಾಗಿ ತಗ್ಗಿಸುತ್ತದೆ. ಉಷ್ಣತೆಯ ವಿಷಯದಲ್ಲಂತೂ ವಿಕ್ರಮ್ ನೌಕೆಯ ‘ಚಾಸ್ತೆ’ ಉಪಕರಣವೇ ಸಾಕ್ಷಿ ಒದಗಿಸಿದೆ: ಅದು ನೆಲಕ್ಕೆ ಚುಚ್ಚಿ ಅಳೆದಾಗ, ಮೇಲ್ಮೈ 50 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾದಿದ್ದ ಹೊತ್ತಿನಲ್ಲಿ ಕೇವಲ ಎಂಟು ಸೆಂಟಿಮೀಟರ್ ಆಳದಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿಯಷ್ಟು ಕೆಳಗಿನ ಚಳಿಯಿತ್ತು. ಉತ್ತರ ಕರ್ನಾಟಕದ ಬಿಸಿಲುನಾಡಿನಲ್ಲಿ ಮಣ್ಣಿನ ಮಾಳಿಗೆಯ ಮನೆ ಕಟ್ಟಿದವರು ಅನುಭವದಿಂದ ಅರಿತಿದ್ದ ಮಣ್ಣಿನ ಗುಣ ಚಂದ್ರನಲ್ಲಿ, ಗಾಳಿಯೇ ಇಲ್ಲದ ಕಾರಣ, ಇನ್ನಷ್ಟು ತೀವ್ರವಾಗಿದೆ.

ಇಷ್ಟು ಮಣ್ಣಿನ ಭಾರಕ್ಕೆ ಮನೆ ಕುಸಿಯದೇ ಎಂಬ ಸಂದೇಹ ಸಹಜ. ಎರಡು ಮೀಟರ್ ದಪ್ಪದ ಮಣ್ಣು ಪ್ರತಿ ಚದರ ಮೀಟರಿಗೆ ಮೂರು ಟನ್ನಿಗೂ ಹೆಚ್ಚಾದರೂ, ಚಂದ್ರನ ದುರ್ಬಲ ಗುರುತ್ವದಲ್ಲಿ ಅದು ಭೂಮಿಯ ಮೇಲಿನ ಸುಮಾರು ಅರ್ಧ ಟನ್ನಿನಷ್ಟು ಮಾತ್ರ ಒತ್ತುತ್ತದೆ. ಮನೆಯೊಳಗೆ ಭೂಮಿಯಷ್ಟೇ ಒತ್ತಡದ ಗಾಳಿ ತುಂಬಿದ್ದರೆ ಅದು ಪ್ರತಿ ಚದರ ಮೀಟರನ್ನು ಹತ್ತು ಟನ್ನಿನ ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಮಣ್ಣಿನ ಭಾರ ಆ ತಳ್ಳಿಕೆಯ ಇಪ್ಪತ್ತನೆಯ ಒಂದು ಭಾಗವಷ್ಟೇ. ಎರಡನ್ನೂ ಸರಿದೂಗಿಸಬೇಕಾದರೆ ಸುಮಾರು 40 ಮೀಟರ್ ಮಣ್ಣು ಬೇಕಾದೀತು. ಆದ್ದರಿಂದ ಚಂದ್ರನ ಮನೆಗೆ ಕುಸಿಯುವ ಭಯಕ್ಕಿಂತ ಸಿಡಿಯುವ ಭಯ ಹೆಚ್ಚು, ಮತ್ತು ಗಾಳಿ ತುಂಬಿ ಉಬ್ಬಿಸುವ ಗಟ್ಟಿ ಬಟ್ಟೆಯ ವಸತಿಗಳು ಅಲ್ಲಿ ಸಾಧ್ಯವಾಗುವುದೂ ಇದರಿಂದಲೇ. ಗಾಳಿ ಸೋರಿಹೋದ ಹೊತ್ತಿನಲ್ಲಿಯೂ ಮಣ್ಣನ್ನು ಹೊತ್ತು ನಿಲ್ಲುವ ಒಳಕಟ್ಟು ಮಾತ್ರ ಇರಲೇಬೇಕು.

ಮಣ್ಣನ್ನು ಹೊದಿಸುವ ಬಗೆಗಳ ಕುರಿತು ಹಲವು ಯೋಚನೆಗಳು ಬೆಳೆದಿವೆ. ಇರಾನ್ ಮೂಲದ ವಾಸ್ತುಶಿಲ್ಪಿ ನಾದರ್ ಖಲೀಲಿ 1984ರಲ್ಲಿಯೇ ಚಂದ್ರನ ಮಣ್ಣಿನಿಂದಲೇ ಅಲ್ಲಿನ ಮನೆಗಳನ್ನು ಕಟ್ಟುವ ವಿಚಾರವನ್ನು ನಾಸಾದ ವಿಚಾರ ಸಂಕಿರಣದಲ್ಲಿ ಮಂಡಿಸಿದ್ದರು. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ಫೋಸ್ಟರ್ ಪ್ಲಸ್ ಪಾರ್ಟ್‌ನರ್ಸ್ ಸಂಸ್ಥೆಯೊಡನೆ ಸೇರಿ, ಉಬ್ಬಿಸಿದ ಗುಮ್ಮಟದ ಮೇಲೆ ಮೂರು ಆಯಾಮದ ಮುದ್ರಣದಿಂದ ಮಣ್ಣಿನ ಚಿಪ್ಪು ಕಟ್ಟುವ ವಿನ್ಯಾಸವನ್ನು 2013ರಲ್ಲಿ ಪ್ರಕಟಿಸಿತು. ಚೀನಾ ಕೃತಕ ಚಂದ್ರಮಣ್ಣಿನ ಇಟ್ಟಿಗೆಗಳನ್ನು 2024ರಲ್ಲಿ ತನ್ನ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿ, ತೆರೆದ ಬಾಹ್ಯಾಕಾಶದಲ್ಲಿ ಅವು ಹೇಗೆ ಬಾಳುತ್ತವೆಂಬ ಪರೀಕ್ಷೆಗೆ ತೊಡಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇಸ್ರೊ ಜೊತೆಗೂಡಿ 2020ರಲ್ಲಿ ತೋರಿಸಿಕೊಟ್ಟ ದಾರಿ ಇವೆಲ್ಲಕ್ಕಿಂತ ಭಿನ್ನವಾದದ್ದು: ಕೃತಕ ಚಂದ್ರಮಣ್ಣಿಗೆ ಯೂರಿಯಾ, ಗೋರಿಕಾಯಿ ಬೀಜದ ಅಂಟು ಮತ್ತು ‘ಸ್ಪೋರೊಸಾರ್ಸಿನಾ ಪಾಶ್ಚುರಿ’ ಎಂಬ ಬ್ಯಾಕ್ಟೀರಿಯಾವನ್ನು ಸೇರಿಸಿದಾಗ, ಆ ಜೀವಿ ಉಂಟುಮಾಡುವ ಸುಣ್ಣದ ಹರಳುಗಳು ಕಣಗಳನ್ನು ಬೆಸೆದು ಇಟ್ಟಿಗೆಯನ್ನಾಗಿಸುತ್ತವೆ. ಅದೇ ಬ್ಯಾಕ್ಟೀರಿಯಾ ಸುಟ್ಟ ಇಟ್ಟಿಗೆಗಳ ಬಿರುಕುಗಳನ್ನು ತುಂಬಿ ಮತ್ತೆ ಗಟ್ಟಿಗೊಳಿಸಬಲ್ಲದೆಂದು ಅದೇ ಸಂಸ್ಥೆಯ ಮುಂದಿನ ಸಂಶೋಧನೆ ತೋರಿಸಿದೆ. ಚಂದ್ರಯಾನದ ನೌಕೆಗಳನ್ನು ಪರೀಕ್ಷಿಸಲು ಬೇಕಾಗಿದ್ದ ಕೃತಕ ಚಂದ್ರಮಣ್ಣನ್ನು ಇಸ್ರೊ, ತಮಿಳುನಾಡಿನ ಸೇಲಂ ಸಮೀಪದ ಸಿತ್ತಂಪೂಂಡಿಯ ಅನಾರ್ಥೊಸೈಟ್ ಎಂಬ ಬಿಳಿಶಿಲೆಯಿಂದ ಮಾಡಿಸಿಕೊಂಡಿತು. ಚಂದ್ರನ ಎತ್ತರದ ಪ್ರದೇಶಗಳ ಶಿಲೆಯೂ ಅದೇ ಜಾತಿಯದು.

ನೆಲದೊಳಗಿನ ಮನೆಗಳು

ಮಣ್ಣು ಹೊದಿಸುವ ಶ್ರಮವಿಲ್ಲದೆಯೇ ಸಿದ್ಧವಾಗಿರುವ ಆಸರೆಗಳೂ ಚಂದ್ರನಲ್ಲಿವೆ. ಒಂದು ಕಾಲದಲ್ಲಿ ಹರಿದ ಲಾವಾದ ಮೇಲ್ಪದರ ತಣಿದು ಗಟ್ಟಿಯಾಗಿ, ಒಳಗಿನ ದ್ರವ ಮುಂದಕ್ಕೆ ಹರಿದುಹೋದಾಗ ಉಳಿಯುವ ಪೊಳ್ಳು ದಾರಿಗೆ ಲಾವಾ ಸುರಂಗವೆನ್ನುತ್ತಾರೆ. ಜಪಾನಿನ ಕಗುಯಾ ನೌಕೆ 2009ರಲ್ಲಿ ಮೇರಿಯಸ್ ಬೆಟ್ಟಗಳ ಬಳಿ ಇಂಥ ಸುರಂಗದ ಛಾವಣಿ ಕುಸಿದಂತೆ ಕಾಣುವ ಆಳವಾದ ಹೊಂಡವೊಂದನ್ನು ಪತ್ತೆಹಚ್ಚಿತು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ವಿಜ್ಞಾನಿಗಳು ಚಂದ್ರಯಾನ-1ರ ಚಿತ್ರಗಳಲ್ಲಿ, ಸುಮಾರು 1.7 ಕಿಲೋಮೀಟರ್ ಉದ್ದದ, ಛಾವಣಿ ಕುಸಿಯದೆ ಉಳಿದಿರುವ ಸುರಂಗವೊಂದನ್ನು ಗುರುತಿಸಿ 2011ರಲ್ಲಿ ವರದಿ ಮಾಡಿದರು. ಮೇರ್ ಟ್ರಾಂಕ್ವಿಲಿಟಾಟಿಸ್‌ನ ಸುಮಾರು 100 ಮೀಟರ್ ಅಗಲದ ಹೊಂಡದ ನೆರಳಿನಲ್ಲಿ ಉಷ್ಣತೆ ಸದಾ ಸುಮಾರು 17 ಡಿಗ್ರಿ ಸೆಲ್ಸಿಯಸ್ ಇರುತ್ತದೆಂಬುದು 2022ರಲ್ಲಿ ತಿಳಿದುಬಂತು, ಅಂದರೆ ಬೆಂಗಳೂರಿನ ಚಳಿಗಾಲದ ಇರುಳಿನಷ್ಟು ಹಿತ. ಅದೇ ಹೊಂಡದ ತಳದಿಂದ ಗುಹೆಯೊಂದು ಒಳಕ್ಕೆ ಚಾಚಿರುವುದನ್ನು ಇಟಲಿಯ ಟ್ರೆಂಟೊ ವಿಶ್ವವಿದ್ಯಾಲಯದ ತಂಡ 2024ರಲ್ಲಿ ರೇಡಾರ್ ದತ್ತಾಂಶಗಳಿಂದ ತೋರಿಸಿಕೊಟ್ಟಿತು.

ಹತ್ತಾರು ಮೀಟರ್ ದಪ್ಪದ ಕಲ್ಲಿನ ಛಾವಣಿಯ ಕೆಳಗೆ ಸೂಕ್ಷ್ಮ ಉಲ್ಕೆಯ ಮಾತೇ ಬರುವುದಿಲ್ಲ. ಆದರೂ ಕಡಿದಾದ ಹೊಂಡಕ್ಕೆ ಜನರನ್ನೂ ಸರಂಜಾಮನ್ನೂ ಇಳಿಸುವ ಕಷ್ಟ ಒಂದೆಡೆಯಿದ್ದರೆ, ಈ ಸುರಂಗಗಳಿರುವುದು ಕಪ್ಪು ಲಾವಾ ಬಯಲುಗಳಲ್ಲಿ, ನೀರಿನ ಹಿಮ ಅಡಗಿರುವ ದಕ್ಷಿಣ ಧ್ರುವದಿಂದ ಬಹುದೂರದಲ್ಲಿ ಎಂಬ ತೊಡಕು ಇನ್ನೊಂದೆಡೆಯಿದೆ. ಹಾಗಾಗಿ ಮೊದಲ ನೆಲೆಗಳಿಗೆ ಮಣ್ಣಿನ ಹೊದಿಕೆಯೇ ಗತಿಯೆಂದು ತೋರುತ್ತದೆ.

ಉಳಿಯುವ ಅಪಾಯ, ಮಾಡಬೇಕಾದ ಕೆಲಸ

ಯಾವ ಕವಚವೂ ಅಪಾಯವನ್ನು ಸೊನ್ನೆಗೆ ಇಳಿಸಲಾರದು. ಅದಕ್ಕಾಗಿಯೇ ಬಾಹ್ಯಾಕಾಶ ಎಂಜಿನಿಯರುಗಳು ‘ತೂತು ಬೀಳುವುದಿಲ್ಲ’ ಎನ್ನದೆ, ಇಷ್ಟು ವರ್ಷಗಳ ಅವಧಿಯಲ್ಲಿ ತೂತು ಬೀಳದಿರುವ ಸಂಭವನೀಯತೆ ಇಷ್ಟು ಎಂದು ನಿಗದಿಪಡಿಸಿ ಕವಚವನ್ನು ವಿನ್ಯಾಸಗೊಳಿಸುತ್ತಾರೆ. ತೂತು ಬಿದ್ದೇಬಿಟ್ಟರೂ ಚಲನಚಿತ್ರಗಳಲ್ಲಿ ತೋರಿಸುವಂತೆ ಗಾಳಿಯೆಲ್ಲ ಕ್ಷಣದಲ್ಲಿ ಬರಿದಾಗುವುದಿಲ್ಲ. ನಾನೂರು ಘನ ಮೀಟರ್ ಗಾಳಿಯಿರುವ ವಸತಿಗೆ ಒಂದು ಚದರ ಸೆಂಟಿಮೀಟರಿನ ತೂತು ಬಿದ್ದರೆ, ಒತ್ತಡ ಅರ್ಧಕ್ಕೆ ಇಳಿಯಲು ಸುಮಾರು ನಾಲ್ಕು ಗಂಟೆ ಬೇಕು. ಸೋರಿಕೆಯನ್ನು ಕೂಡಲೇ ಗುರುತಿಸುವ ಸಂವೇದಕಗಳು, ಕೈಗೆಟುಕುವಲ್ಲಿ ತೇಪೆಯ ಸಾಮಗ್ರಿ, ಒಂದು ಕೋಣೆಯನ್ನು ಇನ್ನೊಂದರಿಂದ ಬೇರ್ಪಡಿಸುವ ಬಿಗಿ ಬಾಗಿಲುಗಳು ಇದ್ದರೆ ಆ ನಾಲ್ಕು ಗಂಟೆ ಜೀವ ಉಳಿಸಲು ಧಾರಾಳವಾಗಿ ಸಾಕು. ತೆರೆದ ನೆಲದಲ್ಲಿ ಉಡುಪು ಧರಿಸಿ ಓಡಾಡುವವರಿಗೆ ಈ ಭಾಗ್ಯವಿಲ್ಲ; ಅವರ ರಕ್ಷಣೆಗೆ ಇರುವ ಮುಖ್ಯ ಉಪಾಯವೆಂದರೆ ಹೊರಗೆ ಕಳೆಯುವ ಸಮಯವನ್ನು ಮಿತಗೊಳಿಸುವುದು ಮತ್ತು ಜೆಮಿನಿಡ್‌ನಂಥ ಉಲ್ಕಾವರ್ಷಗಳ ತೀವ್ರತೆಯ ದಿನಗಳಲ್ಲಿ ಒಳಗೇ ಇರುವುದು. ಆ ದಿನಗಳನ್ನು ಮುಂಚಿತವಾಗಿ ತಿಳಿಸಬಲ್ಲ ವೀಕ್ಷಣಾ ಜಾಲವೂ ಒಂದು ಬಗೆಯ ಕವಚವೇ ಆಗಿರುವುದರಿಂದ, ದೂರದರ್ಶಕಗಳಿಗೂ ಇಲ್ಸಾದಂಥ ಕಂಪನಮಾಪಕಗಳಿಗೂ ಹಾಕುವ ಹಣವನ್ನು ಮನೆಯ ಅಡಿಪಾಯಕ್ಕೆ ಹಾಕಿದ ಹಣವೆಂದೇ ಎಣಿಸಬೇಕು.

ಎಲ್ಲಕ್ಕಿಂತ ದೊಡ್ಡ ಕೆಲಸ ಮಣ್ಣಿನದೇ. ಹತ್ತು ಮೀಟರ್ ವ್ಯಾಸದ ಒಂದು ಅರ್ಧಗೋಳದ ಗುಮ್ಮಟಕ್ಕೆ ಸುತ್ತಲೂ ಎರಡು ಮೀಟರ್ ಮಣ್ಣು ಹೊದಿಸಲು 700 ಟನ್ನಿಗೂ ಹೆಚ್ಚು ಮಣ್ಣು ಬೇಕು. ಅಪೊಲೊ ಯಾತ್ರಿಗಳನ್ನು ಒಯ್ದ ದೈತ್ಯ ಸ್ಯಾಟರ್ನ್-5 ರಾಕೆಟ್ ಒಮ್ಮೆಗೆ ಚಂದ್ರನತ್ತ ಕಳುಹಿಸಬಲ್ಲದಾಗಿದ್ದ ತೂಕ ಸುಮಾರು 45 ಟನ್ ಎಂಬುದನ್ನು ನೆನೆದರೆ, ಇಷ್ಟನ್ನು ಭೂಮಿಯಿಂದ ಒಯ್ಯುವ ಮಾತು ಬಿಟ್ಟು ಅಲ್ಲಿಯೇ ಅಗೆಯಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಆ ಅಗೆತವೂ ಸುಲಭದ್ದಲ್ಲ. ಮೇಲಿನ ಗೇಣುದ್ದ ಮಣ್ಣು ಸಡಿಲವಾಗಿದ್ದರೂ, ಕೆಳಗಿನದು ಯುಗಯುಗಗಳ ನಡುಕಕ್ಕೆ ಕುಟ್ಟಿಕೊಂಡು ಎಷ್ಟು ಬಿಗಿಯಾಗಿದೆಯೆಂದರೆ, ಅಪೊಲೊ-15ರ ಡೇವಿಡ್ ಸ್ಕಾಟ್ ಅದರೊಳಕ್ಕೆ ಕೊರೆಯಂತ್ರವನ್ನು ಇಳಿಸಲು ಬಹಳ ಬವಣೆಪಡಬೇಕಾಯಿತು. ದುರ್ಬಲ ಗುರುತ್ವದಲ್ಲಿ ಹಗುರವಾಗಿಬಿಡುವ ಯಂತ್ರಕ್ಕೆ ನೆಲವನ್ನು ಕಚ್ಚಿ ತಳ್ಳುವ ಬಲ ಸಾಲದು. ಗಾಳಿ-ನೀರಿನ ಸವೆತ ಕಾಣದ ಚೂಪು ಧೂಳು ಅದರ ಕೀಲುಕೀಲುಗಳನ್ನು ತಿನ್ನುತ್ತದೆ.

ಆದ್ದರಿಂದ ಚಂದ್ರನ ಮೇಲೆ ಮೊದಲ ಮನೆ ಎದ್ದು ನಿಲ್ಲಬೇಕಾದರೆ, ವಾಸಿಸುವವರಿಗಿಂತ ಎಷ್ಟೋ ಮುಂಚೆ ಅಲ್ಲಿಗೆ ತಲುಪಬೇಕಾದದ್ದು ಗುದ್ದಲಿ-ಸಲಿಕೆಗಳ ಕೆಲಸವನ್ನು ಯಾರ ನೆರವೂ ಇಲ್ಲದೆ ತಿಂಗಳುಗಟ್ಟಲೆ ಮಾಡಬಲ್ಲ ಯಂತ್ರ. ಅಂಥ ಯಂತ್ರವನ್ನು ಕಟ್ಟುವ, ಆ ಮಣ್ಣಿನ ಗುಣವನ್ನು ಇನ್ನಷ್ಟು ಆಳಕ್ಕಿಳಿದು ಅಳೆಯುವ, ಅಲ್ಲಿ ಬೀಳುವ ಏಟುಗಳನ್ನು ವರ್ಷಗಟ್ಟಲೆ ಎಣಿಸುವ ಕೆಲಸಗಳು ರಾಕೆಟ್ಟಿನ ಉಡಾವಣೆಯಂತೆ ಜನರ ಕಣ್ಣನ್ನು ತುಂಬುವುದಿಲ್ಲ. ಆದರೆ ಅಲ್ಲಿ ಉಸಿರಾಡಲಿರುವ ಜೀವಗಳ ಭದ್ರತೆ ನಿಂತಿರುವುದು ಅವುಗಳ ಮೇಲೆಯೇ. ಮೊಲದ ಗುರುತನ್ನು ಮೂಡಿಸಿದ ಏಟುಗಳೇ ಆ ಮೊಲದ ಮೈಮೇಲೆ ಮನೆ ಕಟ್ಟಲು ಬೇಕಾದ ಮಣ್ಣನ್ನೂ ಅರೆದು ಇಟ್ಟಿವೆ. ಅದನ್ನು ಎತ್ತಿ ಹೊದಿಸುವ ಶ್ರಮ ಮಾತ್ರ ಮನುಷ್ಯನ ಪಾಲಿಗೆ ಉಳಿದಿದೆ.